ಹದಿನಾಲ್ಕನೆಯ ಕವರು

ಹೆಸರಿನ ಚೀಟಿಗಳಿದ್ದ ಸ್ಟೀಲ್ ಡಬ್ಬಿ ಲವಿಟಾಳ ಕೈಗೆ ಬರುವ ಹೊತ್ತಿಗೆ ಅದರ ತಳದಲ್ಲಿ ಎರಡೇ ಚೀಟಿ ಉಳಿದಿದ್ದವು. ಒಂದನ್ನು ಎತ್ತಿಕೊಂಡು ಡಬ್ಬಿಯನ್ನು ಪಕ್ಕದವಳಿಗೆ ದಾಟಿಸಿದಳು. ಉಳಿದ ಹನ್ನೆರಡು ಜನ ಆಗಲೇ ತಮ್ಮ ತಮ್ಮ ಚೀಟಿ ಬಿಚ್ಚಿ, ಬಾಯಿ ಮುಚ್ಚಿಕೊಂಡು ನಗುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ, ನೋಡದವರಂತೆ ನಟಿಸುತ್ತ ಗದ್ದಲ ಎಬ್ಬಿಸಿದ್ದರು. ಲವಿಟಾ ಚೀಟಿಯನ್ನು ಬೆರಳಂಚಿನಲ್ಲಿ ಬಿಡಿಸಿದಳು. ಅದರಲ್ಲಿ ಅವಳದೇ ಹೆಸರಿತ್ತು.

ಚಿಕ್ಕಮಗಳೂರಿನ ಆ ಕಾಲೇಜಿನಲ್ಲಿ ಕ್ಯಾಥೊಲಿಕ್ ವಿದ್ಯಾರ್ಥಿ ಬಳಗವೆಂಬುದು ಹದಿನಾಲ್ಕು ಜನರ ಸಣ್ಣ ಗುಂಪು. ಒಬ್ಬರ ಮನೆಯಲ್ಲಿ ಕೊಂಕಣಿ, ಇನ್ನೊಬ್ಬರ ಮನೆಯಲ್ಲಿ ತಮಿಳು, ಮತ್ತೊಬ್ಬರದು ಮಲಯಾಳ. ಒಟ್ಟಿಗೆ ಸೇರಿದರೆ ಎಲ್ಲರಿಗೂ ಕನ್ನಡ. ಪ್ರತಿ ಬುಧವಾರ ಮಧ್ಯಾಹ್ನ ಮೂರೂವರೆಗೆ ಚಾಪೆಲ್ಲಿನ ಪಕ್ಕದ ಕೋಣೆಯಲ್ಲಿ ಸೇರಿ ಹಾಡು, ಜಪ, ಒಂದಿಷ್ಟು ಮಾತು, ಕೊನೆಗೆ ಹಾಸ್ಟೆಲ್ಲಿನ ಅಡುಗೆಮನೆಯಿಂದ ಮರಿಯಮ್ಮ ಹೊತ್ತು ತರುವ ದೊಡ್ಡ ಕೆಟಲಿನ ಚಹಾ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲ ಬಂತೆಂದರೆ ಈ ಚೀಟಿ ಎತ್ತುವುದು ಅಲ್ಲಿನ ಪದ್ಧತಿ. ಚೀಟಿಯಲ್ಲಿ ಯಾರ ಹೆಸರು ಬಂತೋ ಅವರಿಗೆ ನೀವು ಕ್ರಿಸ್‌ಮಾ, ಅಂದರೆ ಗುಟ್ಟಿನ ತಾಯಿ. ಅವರು ನಿಮ್ಮ ಕೂಸು. ದಿನಾ ಆ ಕೂಸಿಗಾಗಿ ಪ್ರಾರ್ಥಿಸಬೇಕು. ಗೋಡೆಯ ಹಲಗೆಗೆ ಸಾಲಾಗಿ ಚುಚ್ಚಿದ ಕಂದು ಕವರುಗಳಲ್ಲಿ ಅವರ ಕವರು ಹುಡುಕಿ ಸಣ್ಣಪುಟ್ಟ ಉಡುಗೊರೆ ಹಾಕಬೇಕು, ಜೊತೆಗೆ ಮಾಡಬೇಕಾದ ಒಂದು ಕೆಲಸವನ್ನು ಬರೆದಿಡಬೇಕು. ಅಕ್ಷರದ ಗುರುತು ಸಿಗಬಾರದೆಂದು ಎಲ್ಲರೂ ಎಡಗೈಯಲ್ಲಿ ಬರೆಯುತ್ತಾರೆ. ರಜೆ ಬಿಡುವ ಮುಂಚಿನ ಬುಧವಾರ ಒಬ್ಬೊಬ್ಬರೇ ನಡುವೆ ನಿಂತು ತಮ್ಮ ಕೂಸಿನ ಹೆಸರು ಕೂಗಿ ಕರೆಯುತ್ತಾರೆ. ಗುಟ್ಟು ಅಲ್ಲಿಗೆ ಮುಗಿಯುತ್ತದೆ.

ತಮ್ಮ ಹೆಸರೇ ಬಂದರೆ ಏನು ಮಾಡಬೇಕೆಂದೂ ಬಳಗವನ್ನು ನೋಡಿಕೊಳ್ಳುವ ಸಿಸ್ಟರ್ ಲಿಡ್ವಿನಾ ಶುರುವಿನಲ್ಲೇ ಹೇಳಿದ್ದರು. "ಹಾಗೆ ಬಂದ್ರೆ ಕೈ ಎತ್ತಿ. ಎಲ್ಲ ಚೀಟಿ ವಾಪಸ್ ಹಾಕಿ ಮತ್ತೆ ಎತ್ತೋಣ."

"ಮತ್ತೆ ಗಿತ್ತೆ ಅಂದ್ರೆ ಕಳಸದ ಬಸ್ ಹೋಯ್ತು ಅಂತಲೇ ತಿಳ್ಕೊಳ್ಳಿ ಸಿಸ್ಟರ್," ಎಂದಿದ್ದ ಬಳಗದ ಕಾರ್ಯದರ್ಶಿ ಜೋನಾಸ್. "ನಾನು ಇಲ್ಲೇ ಗೋದಲಿ ಕಟ್ಟಿ ಕುರಿಗಳ ಜೊತೆ ಮಲಗ್ಬೇಕು."

ಎಲ್ಲರೂ ನಕ್ಕಿದ್ದರು. ಈಗ ಲವಿಟಾ ಕೈ ಎತ್ತಬೇಕಿತ್ತು. ಹದಿಮೂರು ಜನರ ಸಂಭ್ರಮವನ್ನು ತನ್ನ ಒಬ್ಬಳ ಸಲುವಾಗಿ ನಿಲ್ಲಿಸಿ, ಬಿಚ್ಚಿದ ಚೀಟಿಗಳನ್ನೆಲ್ಲ ಮತ್ತೆ ಮಡಿಸುವಂತೆ ಮಾಡಬೇಕಿತ್ತು. ಅವಳ ಕೈ ತೊಡೆಯ ಮೇಲಿಂದ ಏಳಲಿಲ್ಲ. ಚೀಟಿಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು. ಪಕ್ಕದವಳು "ಯಾರು, ಯಾರು?" ಎಂದು ಮೊಣಕೈಯಲ್ಲಿ ತಿವಿದಾಗ ಎಲ್ಲರಂತೆ ತಾನೂ ತುಟಿಯ ಮೇಲೆ ಬೆರಳಿಟ್ಟು ನಕ್ಕಳು.

ಹಾಗೆ ಸುಮ್ಮನಾಗುವುದು ಅವಳಿಗೆ ಹೊಸದಲ್ಲ. ಆಗಸ್ಟಿನಲ್ಲಿ ಬಳಗದವರೆಲ್ಲ ಜೀಪು ಮಾಡಿಕೊಂಡು ದೇವರಮನೆ ಬೆಟ್ಟಕ್ಕೆ ಹೋಗಿದ್ದರು. ವಾಪಸು ಹೊರಡುವಾಗ ಲವಿಟಾ ಹುಲ್ಲುಗುಡ್ಡದ ಅಂಚಿನಲ್ಲಿ ನಿಂತು ಕೆಳಗಿನ ಕಣಿವೆಯಿಂದ ಮಂಜು ಮೇಲೇರುವುದನ್ನು ನೋಡುತ್ತಿದ್ದಳು. ಅದು ಮೊದಲು ಮರಗಳನ್ನು ನುಂಗಿತು, ಆಮೇಲೆ ದಾರಿಯನ್ನು, ಆಮೇಲೆ ಅವಳ ಪಾದಗಳನ್ನು. ಆ ಬಿಳುಪಿನೊಳಗೆ ಎಲ್ಲೋ ಜೀಪು ಶುರುವಾದ ಸದ್ದು ಕೇಳಿತು, "ಎಲ್ಲ ಬಂದ್ರಾ?" "ಬಂದ್ರು, ಬಿಡಿ!" ಎಂಬ ಮಾತೂ ಕೇಳಿತು. ಕಾಲು ಗಂಟೆಯ ಮೇಲೆ ಜೀಪು ತಿರುಗಿ ಬಂತು. ಜೋನಾಸ್ ಇಳಿದು ಕೈಮುಗಿದ. "ತಪ್ಪಾಯ್ತು ಮಾರಾಯ್ತಿ. ನೀನು ಬಾಯೇ ಬಿಡಲ್ಲ ನೋಡು, ಇಲ್ದೇ ಇದ್ದದ್ದು ಗೊತ್ತೇ ಆಗ್ಲಿಲ್ಲ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಆ ಮಾತು ಬಟ್ಟೆಗೆ ಅಂಟಿದ ಹುಲ್ಲಿನ ಮುಳ್ಳಿನಂತೆ ಒಳಗೆಲ್ಲೋ ಉಳಿಯಿತು. ಕ್ರಿಸ್ಮಸ್ ತನಕ ನೋಡುವುದು, ಅಷ್ಟರೊಳಗೆ ತಾನು ಇದ್ದೇನೆಂದು ಯಾರಿಗಾದರೂ ಗೊತ್ತಾದರೆ ಸರಿ, ಇಲ್ಲದಿದ್ದರೆ ಜನವರಿಯಿಂದ ಬುಧವಾರದ ದಿನ ಎರಡೂವರೆಯ ಬಸ್ಸಿಗೇ ಮನೆಗೆ ಹೋಗುವುದು ಎಂದು ಅವಳು ಅಂದೇ ನಿಶ್ಚಯಿಸಿದ್ದಳು. ಈಗ ಚೀಟಿಯೂ ಅದನ್ನೇ ಹೇಳಿದಂತಿತ್ತು.

ಮನೆ ಮಲ್ಲಂದೂರಿನ ಕಡೆಯ ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರು. ಬೆಳಿಗ್ಗೆ ಏಳರ ಬಸ್ಸು ಮಂಜಿನೊಳಗಿಂದ ಮೊದಲು ಎರಡು ಹಳದಿ ದೀಪಗಳಾಗಿ, ಆಮೇಲೆ ಒಂದು ಗೊರಗೊರ ಸದ್ದಾಗಿ, ಕೊನೆಗೆ ಬಸ್ಸಾಗಿ ಬರುತ್ತಿತ್ತು. ಕಾಫಿ ಕೊಯ್ಲಿನ ಕಾಲ. ಕಿಟಕಿಯಾಚೆ ತೋಟಗಳು ಕೆಂಪು ಹಣ್ಣು ಹೊತ್ತು ಬಾಗಿದ್ದವು. ಹಣ್ಣು ಸುಲಿಯುವ ಪಲ್ಪರ್ ಮನೆಗಳಿಂದ ಹುಳಿಸಿಹಿಯಾದ ಸಿಪ್ಪೆಯ ವಾಸನೆ ತಿರುವು ತಿರುವಿನಲ್ಲೂ ಬಸ್ಸನ್ನು ಹತ್ತಿ ಇಳಿಯುತ್ತಿತ್ತು. ಆ ಅರ್ಧ ನಿದ್ದೆಯಲ್ಲಿ, ತಣ್ಣಗಿನ ಗಾಜಿಗೆ ಹಣೆಯಾನಿಸಿ, ಲವಿಟಾ ತನ್ನ ಕೂಸಿಗಾಗಿ ಪ್ರಾರ್ಥಿಸಲು ಕುಳಿತಳು. ನಿಯಮವೆಂದರೆ ನಿಯಮ. ಅಪ್ಪನಿಗಾಗಿ, ಮಮ್ಮಿಗಾಗಿ, ಸತ್ತವರಿಗಾಗಿ, ಪರೀಕ್ಷೆಗಾಗಿ ಪ್ರಾರ್ಥಿಸಿ ಅಭ್ಯಾಸವಿತ್ತು. "ಲವಿಟಾಳಿಗಾಗಿ" ಎಂದು ಮನಸ್ಸಿನಲ್ಲಿ ಹೇಳಿಕೊಂಡಾಗ ಮಾತ್ರ, ತನ್ನ ವಿಳಾಸಕ್ಕೆ ತಾನೇ ಕಾಗದ ಬರೆದಂತೆ ನಾಚಿಕೆಯಾಯಿತು. ಅವಳಿಗೆ ಏನು ಬೇಕು ಎಂದು ಕೇಳಿಕೊಂಡಳು. ಉತ್ತರ ಬರುವ ಮೊದಲೇ ಬಸ್ ಸ್ಟ್ಯಾಂಡು ಬಂತು.

ಮೊದಲ ವಾರ ಹಲಗೆಯ ಮೇಲಿನ ಕವರುಗಳು ಒಂದೊಂದಾಗಿ ಉಬ್ಬಿದವು. ಪೆನ್ನು, ಚಾಕೊಲೇಟು, ಜಪಸರ, ಕೂದಲಿನ ಕ್ಲಿಪ್ಪು. ಬುಧವಾರ ಎಲ್ಲರೂ ತಮ್ಮ ಚೀಟಿಗಳನ್ನು ಗಟ್ಟಿಯಾಗಿ ಓದಿ ನಕ್ಕರು. "ಮೂರು ದಿನ ಯಾರನ್ನೂ ರೇಗಿಸಬೇಡ" ಎಂಬ ಚೀಟಿ ಜೋನಾಸನಿಗೆ ಬಂದಿತ್ತು. "ಇದು ನನ್ನ ಕ್ರಿಸ್‌ಮಾ ಅಲ್ಲ, ನನ್ನ ಶತ್ರು," ಎಂದು ಅವನು ಎದೆ ಹಿಡಿದುಕೊಂಡ. ಕೊನೆಗೆ ಸೇರಿದವಳಾದ್ದರಿಂದ ಲವಿಟಾಳದು ಕೊನೆಯ ಕವರು, ಕೆಳಸಾಲಿನಲ್ಲಿ ಕಿಟಕಿಯ ಪಕ್ಕ. ಅದು ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿತ್ತು. ಯಾರೂ ಅದನ್ನು ನೋಡಲಿಲ್ಲ ಎಂಬುದು ಅವಳಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಎರಡನೆಯ ವಾರ ಹಾಗಾಗಬಾರದೆಂದು ಅವಳೇ ಒಂದು ಕರ್ಚೀಫು ಕೊಂಡು, ಬಣ್ಣದ ಕಾಗದ ಸುತ್ತಿ, ಕ್ಲಾಸು ಶುರುವಾಗುವ ಮುಂಚೆ ಕೋಣೆಗೆ ಹೋದಳು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಿತ್ತು. ಅದರಲ್ಲಿ ಹದಿನಾಲ್ಕನೆಯ ಕವರು ಉಬ್ಬಿ ನಿಂತಿತ್ತು.

ಒಳಗೆ ಒಂದು ಕಿತ್ತಳೆ ಹಣ್ಣು. ತೋಟದ ಸಣ್ಣ ಕಿತ್ತಳೆ, ತೊಟ್ಟಿಗೆ ಎರಡು ಎಲೆ ಹಾಗೇ ಇದ್ದವು. ಜೊತೆಗೊಂದು ಚೀಟಿ: "ಬಸ್ಸಲ್ಲಿ ಪಕ್ಕ ಕೂತವರ ಹತ್ರ ಮಾತಾಡು."

ಲವಿಟಾ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅವಳ ಹೆಸರಿನ ಚೀಟಿ ಅವಳ ಪರ್ಸಿನಲ್ಲೇ ಇದೆ. ಹಾಗಾದರೆ ಇದನ್ನಿಟ್ಟವರು ಯಾರು? ಯಾರಿಗೋ ಗೊತ್ತಾಗಿದೆ. ಅವಳು ಚೀಟಿ ಮಡಿಸಿಟ್ಟದ್ದನ್ನು, ಕೈ ಎತ್ತದೇ ಉಳಿದದ್ದನ್ನು ಯಾರೋ ನೋಡಿದ್ದಾರೆ. ನೋಡಿಯೂ ಹೇಳದೆ, ಅವಳ ಮೌನವನ್ನು ಮುರಿಯದೆ, ಸದ್ದಿಲ್ಲದೆ ಬಂದು ಹಣ್ಣಿಟ್ಟು ಹೋಗಿದ್ದಾರೆ. ಹೆದರಿಕೆಯಾಯಿತು. ಆಮೇಲೆ ಆ ಹೆದರಿಕೆಯೇ ಮೆಲ್ಲಗೆ ಬೆಚ್ಚಗಾಯಿತು.

ಸಂಜೆಯ ಬಸ್ಸಿನಲ್ಲಿ ಪಕ್ಕ ಕೂತವರು ಸೊಪ್ಪಿನ ಬುಟ್ಟಿ ಕಾಲ ಸಂದಿಯಲ್ಲಿಟ್ಟುಕೊಂಡ ಮುದುಕಿ. ಆರು ತಿರುವು ಕಳೆದ ಮೇಲೆ ಲವಿಟಾ ಬಾಯಿ ತೆರೆದಳು.

"ನಿಮ್ಮದು ಯಾವೂರು ಅಜ್ಜಿ?"

ಮುದುಕಿ ತಿರುಗಿ ನೋಡಿತು. "ಯಾಕವ್ವ, ಜನಗಣತಿಯವಳಾ ನೀನು?"

"ಅಲ್ಲ, ಸುಮ್ನೆ."

"ಸುಮ್ನೆ ಕೇಳೋರು ಈಗ ಯಾರಿದ್ದಾರೆ? ಎಲ್ಲರ ಕಿವೀಲೂ ಆ ವಯರು." ಮುದುಕಿ ಸರಿದು ಕೂತು, ತನ್ನ ಹೆಸರು ರಾಮಮ್ಮ ಎಂದು ಶುರು ಮಾಡಿ, ಮೊಣಕಾಲಿನ ನೋವು, ಎಸ್ಟೇಟಿನ ಹೊಸ ಮೇಸ್ತ್ರಿ, ಮೊಮ್ಮಗಳ ಹಟ ಎಲ್ಲವನ್ನೂ ಇಳಿಯುವ ಹೊತ್ತಿಗೆ ಹೇಳಿ ಮುಗಿಸಿತು. ಮರುದಿನ ಸಂಜೆ ಕಿಟಕಿಯಿಂದ ಕೈಯಾಡಿಸಿ, ಸೀಟಿನ ಮೇಲೆ ಹಾಕಿದ್ದ ಟವೆಲು ತೋರಿಸಿತು. "ಬಾರವ್ವ ಜನಗಣತಿ! ನಿಂದೇ ಸೀಟು."

ಮುಂದಿನ ಚೀಟಿಯ ಜೊತೆ ಬಾಳೆಲೆಯಲ್ಲಿ ಸುತ್ತಿದ ಒಂದು ಅಚ್ಚು ಬೆಲ್ಲವಿತ್ತು. "ಗಟ್ಟಿಯಾಗಿ ಒಂದು ಹಾಡು ಹೇಳು. ಯಾರೂ ಇಲ್ಲದ ಕಡೆ ಆದರೂ ಅಡ್ಡಿಯಿಲ್ಲ." ಅಕ್ಷರ ಬೇರೆಯಾಗಿತ್ತು. ಎಡಗೈ ಬರಹವಲ್ಲವೇ, ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ ಎಂದುಕೊಂಡಳು. ಬಸ್ಸಿಳಿದು ಕ್ವಾರ್ಟರ್ಸಿಗೆ ಹೋಗುವ ಎಸ್ಟೇಟ್ ರಸ್ತೆಯಲ್ಲಿ, ಸಿಲ್ವರ್ ಮರಗಳ ನಡುವೆ ಸಂಜೆಯ ಮಂಜು ಇಳಿಯುತ್ತಿದ್ದಾಗ, ಹಿಂದೆ ಮುಂದೆ ನೋಡಿ ಕ್ರಿಸ್ಮಸ್ಸಿನ ಹಾಡೊಂದನ್ನು ಶುರು ಮಾಡಿದಳು. ಮೊದಲ ಸಾಲು ಗಂಟಲಲ್ಲೇ ತಡವರಿಸಿತು. ಎರಡನೆಯದು ಹೊರಗೆ ಬಂತು. ಮೂರನೆಯ ಸಾಲಿಗೆ ಮರಗಳು ಕಿವಿ ಕೊಟ್ಟಂತೆ ಎಲ್ಲ ಸ್ತಬ್ಧವಾಗಿ, ತನ್ನ ದನಿ ತನ್ನದಲ್ಲವೆಂಬಂತೆ ಮಂಜಿನೊಳಗೆ ದೂರ ದೂರ ನಡೆದುಹೋಯಿತು. ಹಾಡು ಮುಗಿದಾಗ ಕಾಫಿ ಗಿಡಗಳ ಒಳಗಿಂದ, ಹಣ್ಣು ಕುಯ್ಯುತ್ತ ಉಳಿದಿದ್ದ ಹೆಂಗಸರ ಗುಂಪು ಕೂಗಿತು: "ಇನ್ನೊಂದ್ಸಲ ಹೇಳವ್ವ! ಇನ್ನೂ ಅರ್ಧ ಚೀಲ ಆಗ್ಬೇಕು!"

ಲವಿಟಾ ಓಡಿದಳು. ಓಡುತ್ತ ನಗುತ್ತಿದ್ದಳು.

ಅಂದಿನಿಂದ ಅವಳ ಜೊತೆ ಯಾರೋ ನಡೆಯತೊಡಗಿದರು. ಮುಖವಿಲ್ಲ, ದನಿಯಿಲ್ಲ. ಬಸ್ಸಿನ ಕಿಟಕಿಯಾಚೆಯ ಬಿಳುಪಿನಲ್ಲಿ, ಲೈಬ್ರರಿಯ ಎದುರು ಕುರ್ಚಿಯಲ್ಲಿ, ಚಾಪೆಲ್ಲಿನ ಖಾಲಿ ಬೆಂಚಿನ ತುದಿಯಲ್ಲಿ ಆ ಯಾರೋ ಇರುತ್ತಿದ್ದರು. ಬಳಗದವರ ಮುಖಗಳನ್ನು ಒಂದೊಂದಾಗಿ ಆ ಬಿಳುಪಿಗೆ ಹೊಂದಿಸಿ ನೋಡುತ್ತಿದ್ದಳು, ಯಾವುದೂ ಕೂರುತ್ತಿರಲಿಲ್ಲ. ತನ್ನನ್ನು ಸಂಪೂರ್ಣ ಬಲ್ಲ ಒಬ್ಬರು ಆ ಹದಿಮೂರು ಜನರಲ್ಲಿ ಇದ್ದಾರೆಂಬುದಂತೂ ಖಚಿತ. ರಜೆಯ ಮುಂಚಿನ ಬುಧವಾರ ಅವರು ಎದ್ದು ನಿಲ್ಲುತ್ತಾರೆ. ಅದಕ್ಕಾಗಿ ಅವಳು ದಿನ ಎಣಿಸಿದಳು. ಪ್ರಾರ್ಥನೆಯಲ್ಲಿ, ಲವಿಟಾಳಿಗೆ ಏನು ಬೇಕೆಂದು ಈಗ ತಡವರಿಸಬೇಕಾಗಿರಲಿಲ್ಲ.

ಆ ಬುಧವಾರ ಬಂತು. ಕೋಣೆಯ ಮೂಲೆಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿ ಸಿದ್ಧವಾಗಿತ್ತು. ಬಂಡೆಯ ಮೇಲಿಂದ ಕಿತ್ತು ತಂದ ಹಸಿರು ಹಾವಸೆ, ಜರಿಗಿಡ, ಸೆಣಬಿನ ಚೀಲದ ಬೆಟ್ಟ, ಅದರ ತುದಿಯಲ್ಲಿ ಜೋನಾಸ್ ನಿಲ್ಲಿಸಿದ ಆಟಿಕೆ ಜೀಪು. "ಯೇಸುವನ್ನ ನೋಡೋಕೆ ಮೂವರು ಜ್ಞಾನಿಗಳು ಒಂಟೆ ಮೇಲೆ ಬಂದ್ರೆ ಈ ಘಾಟಿ ಹತ್ತಲ್ಲ ಸಿಸ್ಟರ್," ಎಂದು ಅವನ ವಾದ. ಮೇಜಿನ ಮೇಲೆ ಮನೆಗಳಿಂದ ತಂದ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಯ ಡಬ್ಬಿಗಳು, ನಡುವೆ ಒಂದು ಕೇಕು. ಕುರ್ಚಿಗಳು ವೃತ್ತವಾಗಿದ್ದವು.

ಕಾರ್ಯದರ್ಶಿಯೇ ಮೊದಲು ಎದ್ದ. ತನ್ನ ಕೂಸಿನ ಹೆಸರು ಕೂಗಿದ. ಆ ಹುಡುಗಿ ಕಿರುಚಿಕೊಂಡು ಎದ್ದಳು, ಅವನ ಕೈಕುಲುಕಿ ನಡುವೆ ನಿಂತು ತನ್ನ ಕೂಸನ್ನು ಕೂಗಿದಳು. ಹೀಗೆ ಒಬ್ಬರು ಇನ್ನೊಬ್ಬರನ್ನು ಎಬ್ಬಿಸುತ್ತ ಸರಪಳಿ ಸಾಗಿತು. ಪ್ರತಿ ಸಲವೂ ಲವಿಟಾ ಕುರ್ಚಿಯ ಅಂಚಿಗೆ ಬಂದು ಕೂರುತ್ತಿದ್ದಳು. ಪ್ರತಿ ಸಲವೂ ಬೇರೆ ಹೆಸರು. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರನೆಯವಳು ಎದ್ದು, "ನನ್ನ ಕೂಸು, ಸರಿಯಾಗಿ ಮೂರು ದಿನಾನೂ ಬಾಯಿ ಮುಚ್ಕೊಂಡು ಇರದ ಕೂಸು, ಜೋನಾಸ್!" ಎಂದಳು. ಸರಪಳಿ ಶುರುವಾದಲ್ಲಿಗೇ ಬಂದು ಮುಚ್ಚಿಕೊಂಡಿತು. ಚಪ್ಪಾಳೆ.

"ಎಲ್ಲರದ್ದೂ ಆಯ್ತಲ್ಲ? ಕೇಕ್!" ಎಂದ ಜೋನಾಸ್.

"ಚಾಕು ಎಲ್ಲಿ ಇಟ್ರಿ?" ಎಂದು ಸಿಸ್ಟರ್ ಮೇಜಿನತ್ತ ತಿರುಗಿದರು.

ಲವಿಟಾಳಿಗೆ ಕಿವಿಯೊಳಗೆ ಮಂಜು ಸುರಿದಂತಾಯಿತು. ಹದಿಮೂರು ಜನ ಎದ್ದರು, ಹದಿಮೂರು ಜನ ಕೂತರು. ಅವರಲ್ಲಿ ಯಾರೂ ಅಲ್ಲ. ಅವಳ ಹೆಸರು ಬರಲಿಲ್ಲವೆಂದು ಯಾರಿಗೂ ಹೊಳೆಯಲೂ ಇಲ್ಲ. ಬ್ಯಾಗು ಕಾಲಬಳಿಯೇ ಇತ್ತು. ಈಗ ಮೆಲ್ಲಗೆ ಎದ್ದು ಹೋದರೆ ಬಾಗಿಲ ತನಕ ಎಂಟು ಹೆಜ್ಜೆ, ಯಾರಿಗೂ ಗೊತ್ತಾಗುವುದಿಲ್ಲ, ಜನವರಿಯಲ್ಲೂ ಗೊತ್ತಾಗುವುದಿಲ್ಲ. ಆದರೆ ಆ ಕಿತ್ತಳೆ ನಿಜವಾಗಿಯೂ ಇತ್ತು. ಬೆಲ್ಲ ನಿಜವಾಗಿಯೂ ಸಿಹಿಯಾಗಿತ್ತು. ಅವನ್ನು ಇಟ್ಟವರು ಯಾರೆಂದು ಕೇಳದೆ ಹೋಗುವುದು ಅವಳಿಂದಾಗಲಿಲ್ಲ.

"ನನ್ನದು ಆಗಿಲ್ಲ," ಎಂದಳು.

ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಎಲ್ಲರೂ ತಿರುಗಿದರು.

"ನಾನು ನನ್ನ ಹೆಸರೇ ಎತ್ತಿದ್ದು. ಹೇಳ್ಬೇಕಿತ್ತು. ಹೇಳಲಿಲ್ಲ." ಪರ್ಸಿನಿಂದ ಚೀಟಿ ತೆಗೆದು ಹಿಡಿದಳು. "ಆದ್ರೂ ನನ್ನ ಕವರಿಗೆ ಯಾರೋ ಹಾಕ್ತಾ ಇದ್ರು. ಹಣ್ಣು, ಬೆಲ್ಲ, ಚೀಟಿ. ಯಾರು ಅಂತ ಗೊತ್ತಾಗ್ಬೇಕು ನನಗೆ."

ಸಿಸ್ಟರ್ ಲಿಡ್ವಿನಾ ಚಾಕು ಕೆಳಗಿಟ್ಟರು. "ನಾನಲ್ಲ ಮಗಾ," ಎಂದರು, ಸಣ್ಣ ಮುಖ ಮಾಡಿಕೊಂಡು. "ನಾನು ನೋಡ್ಬೇಕಿತ್ತು. ನೋಡಲಿಲ್ಲ."

"ಬೆಲ್ಲ ಅಂದ್ಯಾ?" ಜೋನಾಸ್ ಮುಂದೆ ಬಂದ. "ಚೀಟೀಲಿ ಹಾಡು ಹೇಳು ಅಂತ ಇತ್ತಾ? ಯಾರೂ ಇಲ್ಲದ ಕಡೆ ಆದರೂ ಅಡ್ಡಿಯಿಲ್ಲ ಅಂತ?"

"ಹೌದು."

"ಅಯ್ಯೋ, ಅದು ನಾನು ಬರೆದದ್ದು! ಬಿಸಿನೀರಿಗೆ ಅಂತ ಅಡುಗೆಮನೆಗೆ ಹೋಗಿದ್ದೆ. ಮರಿಯಮ್ಮಕ್ಕನೇ 'ನಮ್ಮದೊಂದು ಮಗೀಗೆ ಕೊಡ್ಬೇಕು, ಒಂದು ಚೀಟಿ ಬರ್ಕೊಡಪ್ಪ' ಅಂದ್ರು. ಬಾಳೂರಲ್ಲಿರೋ ಮೊಮ್ಮಗೂಗೆ ಅಂದ್ಕೊಂಡೆ ನಾನು."

"ಬಸ್ಸಿನ ಚೀಟಿ ನನ್ನ ಹತ್ರ ಬರೆಸಿದ್ರು," ಎಂದಳು ಹಾಸ್ಟೆಲ್ಲಿನ ಒಬ್ಬ ಹುಡುಗಿ, ನಿಧಾನಕ್ಕೆ.

ಮರಿಯಮ್ಮ ಬಾಗಿಲಲ್ಲಿ ನಿಂತಿದ್ದರು. ಎರಡೂ ಕೈಯಲ್ಲಿ ಕೆಟಲು, ಮೊಣಕೈಯ ಹತ್ತಿರ ಹಳೆಯ ಸುಟ್ಟ ಕಲೆ, ಹಣೆಯ ಮೇಲೆ ಒಲೆಯ ಬಿಸಿಗೆ ಅಂಟಿದ ಕೂದಲು. ಹನ್ನೊಂದು ವರ್ಷದಿಂದ ಈ ಕೋಣೆಗೆ ಚಹಾ ತರುತ್ತಿದ್ದರು, ಕಸ ಗುಡಿಸುತ್ತಿದ್ದರು. ಎಲ್ಲರೂ ಒಮ್ಮೆಲೇ ತಮ್ಮತ್ತ ತಿರುಗಿದ್ದನ್ನು ಕಂಡು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನಾಯ್ತು? ಸಕ್ಕರೆ ಹಾಕಿದ್ದೀನಲ್ಲ?"

"ಕವರಿಗೆ ಹಣ್ಣಿಟ್ಟದ್ದು ನೀವಾ ಅಕ್ಕ?" ಸಿಸ್ಟರ್ ಕೇಳಿದರು.

"ಅದಾ." ಮರಿಯಮ್ಮ ಕೆಟಲನ್ನು ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ದೂಳು ಹೊಡೀವಾಗ ಎಲ್ಲ ಕವರೂ ಕೈಗೆ ತಾಗೋವು. ಆ ಕಡೇದು ಒಂದು ಮಾತ್ರ ಗಾಳಿಗೆ ಹಾರೋದು. ಯಾರ ಪಾಲಿಗೆ ಬಂದಿತ್ತೋ ಅವರು ಮರೆತಿರ್ಬೇಕು ಅಂದ್ಕೊಂಡೆ. ಅವರಿಗೆ ನೆನಪಾಗೋ ತನಕ ಇರ್ಲಿ ಅಂತ ನಾನು ಹಾಕ್ತಿದ್ದೆ. ನೀವು ಓದೋದು ಕೇಳಿ ಕೇಳಿ ಚೀಟಿ ಹೇಗಿರ್ಬೇಕು ಅಂತ ಗೊತ್ತಿತ್ತು. ತಪ್ಪಾಯ್ತಾ ಸಿಸ್ಟರ್?"

"ಅದು ಲವಿಟಾಂದು ಅಂತ ನಿಮಗೆ ಗೊತ್ತಿತ್ತಾ?" ಎಂದ ಜೋನಾಸ್.

"ಎಲ್ಲಿಂದ ಗೊತ್ತಾಗ್ಬೇಕಪ್ಪ, ನನಗೆ ಓದೋಕೆ ಬರುತ್ತಾ? ಯಾರೋ ಒಂದು ಮಗು."

ಯಾರೋ ಒಂದು ಮಗು. ಲವಿಟಾ ಆ ಮಾತನ್ನು ಕೇಳಿಸಿಕೊಂಡಳು. ಮೂರು ವಾರ ಅವಳ ಪಕ್ಕದಲ್ಲಿ ನಡೆದುಬಂದವರು, ಅವಳ ಗುಟ್ಟು ಬಲ್ಲವರು, ಅವಳನ್ನು ಸಂಪೂರ್ಣ ಕಂಡವರು ಯಾರೂ ಇರಲಿಲ್ಲ. ಇದ್ದದ್ದು ಅವಳ ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು, ಹಗುರವಾದ ಒಂದು ಕವರು. ಒಂದು ಕ್ಷಣ ಅವಳಿಗೆ ದೇವರಮನೆಯ ಗುಡ್ಡದ ಅಂಚಿಗಿಂತ ಹೆಚ್ಚು ಒಂಟಿಯೆನಿಸಿತು. ಮರುಕ್ಷಣ ಅದು ಹಾಗಲ್ಲ ಎನಿಸಿತು. ಗೊತ್ತಿದ್ದವರಿಗೆ ಕೊಡುವುದು ಎಲ್ಲರೂ ಮಾಡುವ ಕೆಲಸ. ಯಾರೆಂದು ತಿಳಿಯದೆಯೂ, ಖಾಲಿ ಇರಬಾರದೆಂದಷ್ಟೇ ಒಬ್ಬರು ತೋಟದ ಹಣ್ಣನ್ನು ಎಲೆಯ ಸಮೇತ ತಂದಿಟ್ಟಿದ್ದರು. ಆ ಬಿಳುಪಿನ ಮುಖಕ್ಕೆ ಯಾವ ಮುಖವೂ ಹೊಂದದೆ ಇದ್ದದ್ದು ಏಕೆಂದು ಈಗ ಗೊತ್ತಾಯಿತು. ಅವಳು ಒಮ್ಮೆಯೂ ಬಾಗಿಲ ಕಡೆ ನೋಡಿರಲಿಲ್ಲ. ಆರು ತಿಂಗಳು ಅವರ ಕೈಯಿಂದ ಲೋಟ ತೆಗೆದುಕೊಂಡಿದ್ದಳು. ತಾನೂ ಮುಖ ನೋಡಿರಲಿಲ್ಲ.

"ಹಾಗಾದ್ರೆ ನಿಯಮದ ಪ್ರಕಾರ ನೀವು ನಡುವೆ ನಿಂತು ಕೂಸನ್ನ ಕರೀಬೇಕು ಮರಿಯಮ್ಮಕ್ಕ," ಎಂದರು ಸಿಸ್ಟರ್.

"ಅಯ್ಯ, ಬೇಡಪ್ಪ. ಚಹಾ ಆರುತ್ತೆ."

"ಆರ್ಲಿ ಬಿಡಿ, ದಿನಾ ಬಿಸಿ ಕುಡಿದು ನಾಲಿಗೆ ಸುಟ್ಟಿದೆ," ಎಂದು ಜೋನಾಸ್ ಅವರ ಭುಜ ಹಿಡಿದು ವೃತ್ತದ ನಡುವೆ ತಂದು ನಿಲ್ಲಿಸಿದ. ಮರಿಯಮ್ಮ ಸೆರಗು ಸರಿಮಾಡಿಕೊಂಡರು. ಕುರ್ಚಿಗಳನ್ನು ಸುತ್ತಲೂ ನೋಡಿದರು. ಆಮೇಲೆ, ಎಲ್ಲರ ಕಣ್ಣೂ ಯಾರ ಮೇಲಿತ್ತೋ ಆ ಲವಿಟಾಳ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದರು.

"ಏನು ಹೇಳಿದ ಅವನು? ಇನ್ನೊಂದ್ಸಲ ಹೇಳು ಮಗಾ, ನಿನ್ನ ಹೆಸರು."

"ಲವಿಟಾ."

ಮರಿಯಮ್ಮ ನೆಟ್ಟಗೆ ನಿಂತು, ತೋಟದ ಈಚೆಯಿಂದ ಆಚೆಗೆ ಕೂಗುವವರ ಹಾಗೆ ಕೂಗಿದರು. ಅವಳ ಹೆಸರು ಅಷ್ಟು ದೊಡ್ಡದಾಗಿ ಯಾವ ಕೋಣೆಯಲ್ಲೂ ಕೇಳಿರಲಿಲ್ಲ. ಗೋದಲಿಯ ಮೇಲಿಂದ ಒಂದು ಗುಬ್ಬಿ ಹಾರಿ ಕಿಟಕಿಯಿಂದ ಹೊರಗೆ ಹೋಯಿತು. ಲವಿಟಾ ಎದ್ದು ಬಂದು ತಲೆ ಬಗ್ಗಿಸಿದಳು. ಹೊಗೆಯ, ಶುಂಠಿಯ ವಾಸನೆಯ ಕೈ ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿತು.

ಕೇಕು ಕತ್ತರಿಸಿದರು. ಲವಿಟಾ ಲೋಟಗಳನ್ನು ಜೋಡಿಸಿದಳು, ಮರಿಯಮ್ಮ ಚಹಾ ಬಗ್ಗಿಸಿದರು, ಹದಿನೈದು ಲೋಟ, ಸಿಸ್ಟರಿನದೂ ಸೇರಿ. ಲವಿಟಾ ಇನ್ನೊಂದು ಲೋಟ ತಂದು ತಟ್ಟೆಯಲ್ಲಿ ಹದಿನಾರನೆಯದಾಗಿ ಇಟ್ಟಳು. ಮರಿಯಮ್ಮ ಅವಳ ಮುಖ ನೋಡಿ, ಅದನ್ನೂ ತುಂಬಿಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು.

"ಜನವರಿ ಮೊದಲ ಬುಧವಾರ ಗೋದಲಿ ಬಿಚ್ಚೋಕೆ ಯಾರು ಬರ್ತೀರ?" ಕೇಕು ತುಂಬಿದ ಬಾಯಲ್ಲಿ ಜೋನಾಸ್ ಕೇಳಿದ. "ತಿನ್ನೋಕೆ ಎಲ್ಲ ಬರ್ತೀರ, ಬಿಚ್ಚೋಕೆ ಯಾರೂ ಇಲ್ಲ."

"ನಾನು ಬರ್ತೀನಿ," ಎಂದಳು ಲವಿಟಾ.

"ಬಸ್ಸು?"

"ಸಂಜೆ ಬಸ್ಸಿಗೆ ಹೋಗ್ತೀನಿ. ಸೀಟು ಹಿಡಿಯೋರಿದ್ದಾರೆ."

ಹೊರಗೆ ಬೆಟ್ಟದ ಕಡೆಯಿಂದ ಮಂಜು ಇಳಿಯುತ್ತಿತ್ತು. ಚಹಾ ಆರಿತ್ತು. ಎಲ್ಲರೂ ಎರಡೆರಡು ಲೋಟ ಕುಡಿದರು.